ಚಂದದ ಫೋಟೋ ಎಲ್ಲರೂ ತೋರಿಸುತ್ತಾರೆ, ನಂಬೋದು ಯಾರನ್ನ?

ಗುಂಪಿನ ಎಲ್ಲರಿಗೂ ನಮಸ್ಕಾರ. ಮದುವೆ ಫೋಟೋಗ್ರಾಫರ್ ಬಗ್ಗೆ ಪ್ರಶ್ನೆಗಳು ಜಾಸ್ತಿ ಬರುತ್ತಿವೆ ಎಂದು ಅಡ್ಮಿನ್ ನನ್ನನ್ನು ಎಳೆದು ತಂದು ಕೂರಿಸಿದ್ದಾರೆ. ಹದಿನೆಂಟು ವರ್ಷದಿಂದ ಮದುವೆ ಫೋಟೋ ತೆಗೆಯುವುದೇ ನನ್ನ ಕೆಲಸ. ಕೇಳಿ, ಹೇಳುತ್ತೇನೆ. ಒಂದೇ ಷರತ್ತು: ಯಾರದ್ದೋ ಸ್ಟುಡಿಯೋ ಹೆಸರು ಹಾಕಿ "ಇವರು ಹೇಗೆ?" ಎಂದು ಕೇಳಬೇಡಿ. ಎಲ್ಲರದ್ದೂ ಹೊಟ್ಟೆಪಾಡು. ನಾಳೆ ಯಾವುದೋ ಮದುವೆಯಲ್ಲಿ ಎದುರಾಬದುರಾಗುತ್ತೇವೆ.

ಪ್ರಶ್ನೆ: ಸರ್, ತಂಗಿಯ ಮದುವೆಗೆ ಇನ್ನು ನಾಲ್ಕು ತಿಂಗಳಿದೆ. ಮೂವರನ್ನು ನೋಡಿಟ್ಟಿದ್ದೇವೆ. ಮೂವರ ಇನ್‌ಸ್ಟಾಗ್ರಾಂ ಕೂಡ ಒಂದಕ್ಕಿಂತ ಒಂದು ಚೆನ್ನಾಗಿದೆ. ಒಬ್ಬರಿಗೆ ಫಾಲೋವರ್ಸ್ ಜಾಸ್ತಿ, ಒಬ್ಬರ ರೇಟು ಕಡಿಮೆ, ಇನ್ನೊಬ್ಬರು ಮೆಸೇಜ್ ಹಾಕಿದ ಕೂಡಲೇ ಉತ್ತರ ಕೊಡುತ್ತಾರೆ. ಯಾರನ್ನು ಆರಿಸೋದು ಅಂತಾನೇ ಗೊತ್ತಾಗ್ತಿಲ್ಲ.

ಉತ್ತರ: ಮೇಡಂ, ಇನ್‌ಸ್ಟಾಗ್ರಾಂ ಅಂದರೆ ಅಂಗಡಿಯ ಶೋಕೇಸು. ನಾನು ನೂರು ಮದುವೆ ತೆಗೆದು, ಅದರಲ್ಲಿ ತೊಂಬತ್ತು ಫೋಟೋ ಆರಿಸಿ ಹಾಕಿದೆ ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಒಂದು ಮದುವೆಗೆ ಒಂದು ಒಳ್ಳೆ ಫೋಟೋನೂ ಬೀಳಲಿಲ್ಲ. ನೋಡುವವರ ಕಣ್ಣಿಗೆ ಮಾತ್ರ ತೊಂಬತ್ತೂ ಚಂದ. ಅದರಲ್ಲಿ ಎಷ್ಟೋ ಫೋಟೋ ಮದುವೆಯದ್ದೇ ಆಗಿರುವುದಿಲ್ಲ. ಮಾಡೆಲ್‌ಗಳಿಗೆ ಮದುವೆ ಬಟ್ಟೆ ಉಡಿಸಿ, ಒಳ್ಳೆ ಬೆಳಕು ನೋಡಿಕೊಂಡು, ಅರ್ಧ ದಿನ ಕೂತು ತೆಗೆದದ್ದೂ ಇರುತ್ತದೆ.

ಅದಕ್ಕೆ ಮೂವರಿಗೂ ಒಂದೇ ಮಾತು ಹೇಳಿ: "ಇತ್ತೀಚೆಗೆ ಮಾಡಿದ ಒಂದು ಮದುವೆಯ ಫೋಟೋ ಪೂರ್ತಿ ತೋರಿಸಿ. ನೀವು ಆರಿಸಿದ್ದು ಬೇಡ, ಆ ಮನೆಯವರ ಕೈಗೆ ಕೊಟ್ಟಿದ್ದು ಬೇಕು." ಅವರನ್ನು ಕೇಳಿ ತೋರಿಸುತ್ತೇನೆ, ಎರಡು ದಿನ ಟೈಮ್ ಕೊಡಿ ಎಂದರೆ ಬೇಜಾರು ಮಾಡಿಕೊಳ್ಳಬೇಡಿ. ನಾಳೆ ನಿಮ್ಮ ಮನೆ ಫೋಟೋವನ್ನೂ ಹಾಗೇ ಕಾಯುತ್ತಾರೆ ಎಂದರ್ಥ.

ತೋರಿಸಿದಾಗ ಗಂಡು ಹೆಣ್ಣಿನ ಜೋಡಿ ಫೋಟೋ ಬಿಟ್ಟು ಮುಂದಕ್ಕೆ ಹೋಗಿ. ಅದು ಎಲ್ಲರದ್ದೂ ಚೆನ್ನಾಗಿರುತ್ತದೆ. ದೊಡ್ಡ ಗುಂಪಿನ ಫೋಟೋ ಹಿಡಿದು ಅದರ ಎರಡು ತುದಿ ನೋಡಿ. ಅಲ್ಲಿ ನಿಂತವರ ಮುಖ ಮಸುಕಾಗಿದೆಯಾ? ಹಿಂದಿನ ಸಾಲಿನ ಅಜ್ಜಿ ಯಾರದ್ದೋ ಭುಜದ ಮರೆಗೆ ಹೋಗಿದ್ದಾರಾ? ಆಮೇಲೆ ರಾತ್ರಿ ಫೋಟೋ. ವೇದಿಕೆಗೆ ನೇರಳೆ ಎಲ್‌ಇಡಿ ಲೈಟು ಹಾಕಿದ್ದರೆ ಮುಖವೂ ನೇರಳೆ. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಸರಿ ಮಾಡುತ್ತೇನೆ ಎಂದರೆ ಅದು ಬಹಳ ಕಷ್ಟ. ಕೆಲಸ ಗೊತ್ತಿದ್ದವರು ಅಲ್ಲೇ ತಮ್ಮ ಫ್ಲ್ಯಾಷ್ ಹಾಕಿ ಮುಖದ ಬಣ್ಣ ಉಳಿಸಿಕೊಂಡಿರುತ್ತಾರೆ. ಕೊನೆಗೆ, ಯಾರೂ "ಇಲ್ಲಿ ತೆಗೀರಿ" ಎಂದು ಕರೆಯದ ಫೋಟೋಗಳು ಎಷ್ಟಿವೆ ನೋಡಿ. ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುತ್ತಿರುವ ಮಗು, ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಳ್ಳುವ ಅಪ್ಪ, ಇಂಥವು. ಕರೆಯದಿದ್ದಾಗ ಫೋಟೋಗ್ರಾಫರ್ ಕಣ್ಣು ಎಲ್ಲಿತ್ತು ಎನ್ನುವುದು ಅಲ್ಲಿ ಗೊತ್ತಾಗುತ್ತದೆ.

ಇಷ್ಟೂ ಕೈಚಳಕದ ಮಾತಾಯಿತು. ನಂಬಿಕೆ ಬೇರೆ. ಅದಕ್ಕೆ ನಾನು ಎಲ್ಲರಿಂದಲೂ ಕೇಳಿಸುವುದು ಒಂದೇ ಪ್ರಶ್ನೆ: "ನಿಮ್ಮ ಕೈಯಲ್ಲಿ ಕೆಲಸ ಕೆಟ್ಟಿದ್ದು ಯಾವಾಗ? ಆಗ ಏನು ಮಾಡಿದಿರಿ?" ಕ್ಯಾಮೆರಾ ಕೈಕೊಡುತ್ತದೆ, ಫೋಟೋ ಉಳಿಯುವ ಮೆಮೊರಿ ಕಾರ್ಡು ಸಾಯುತ್ತದೆ, ಜ್ವರ ಬರುತ್ತದೆ. ವರ್ಷಗಟ್ಟಲೆ ಈ ಕೆಲಸ ಮಾಡಿದವರಿಗೆ ಏನೂ ಆಗಿಯೇ ಇಲ್ಲ ಎಂದರೆ ನಾನಂತೂ ನಂಬುವುದಿಲ್ಲ. ಆಗಿದ್ದನ್ನು ಹೇಳಿ, ಆಮೇಲೆ ಏನು ಬದಲಾಯಿಸಿಕೊಂಡೆ ಎಂದೂ ಹೇಳಿದರೆ ಅವರ ಜೊತೆ ಮಾತು ಮುಂದುವರಿಸಿ.

ಪ್ರಶ್ನೆ (ಅದೇ ಅಕ್ಕ): ತುಂಬಾ ಥ್ಯಾಂಕ್ಸ್ ಸರ್. ಫಾಲೋವರ್ಸ್ ಜಾಸ್ತಿ ಇರುವವರು "ನಮ್ಮ ಟೀಮ್ ಬರುತ್ತೆ" ಅಂದರು. ಅದು ಸರಿನಾ?

ಉತ್ತರ: ಟೀಮ್ ಇರುವುದು ತಪ್ಪಲ್ಲ. ಆದರೆ ಆ ದಿನ ಕ್ಯಾಮೆರಾ ಹಿಡಿದು ನಿಲ್ಲುವವರು ಯಾರು ಎಂದು ಹೆಸರು ಹಿಡಿದು ಕೇಳಿ. ಅವರು ತೆಗೆದ ಮದುವೆಯನ್ನೇ ತೋರಿಸಿ ಅನ್ನಿ. ಮದುವೆಗಳು ಎಲ್ಲಾ ಒಟ್ಟಿಗೇ ಬಂದಾಗ ಒಂದು ಸ್ಟುಡಿಯೋ ಒಂದೇ ದಿನ ಮೂರು ನಾಲ್ಕು ಕೆಲಸ ಹಿಡಿಯುತ್ತದೆ. ಮಾತಾಡಿದವರು ಒಬ್ಬರು, ಬಂದವರು ಇನ್ನೊಬ್ಬರು. ಬಂದ ಹುಡುಗನಿಗೆ ಮದುಮಗಳು ಯಾರು, ಅವಳ ಅಕ್ಕ ಯಾರು ಅನ್ನೋದೂ ಗೊತ್ತಿರುವುದಿಲ್ಲ, ಪಾಪ.

ಪ್ರಶ್ನೆ: ಬೇರೆಯವರ ಫೋಟೋ ಕದ್ದು ತಮ್ಮದು ಅಂತ ಹಾಕಿಕೊಳ್ಳುವವರೂ ಇದ್ದಾರೆ ಅಂತ ಕೇಳಿದ್ದೇನೆ. ಕಂಡುಹಿಡಿಯೋದು ಹೇಗೆ?

ಉತ್ತರ: ಇದ್ದಾರೆ. ನನ್ನದೇ ಒಂದು ಫೋಟೋ ಬೇರೊಬ್ಬರ ಪೇಜಿನಲ್ಲಿ ಸಿಕ್ಕಿತ್ತು, ಮೂಲೆಯಲ್ಲಿದ್ದ ನನ್ನ ಹೆಸರು ಮಾತ್ರ ಕತ್ತರಿಸಿದ್ದರು! ಅನುಮಾನ ಬಂದ ಫೋಟೋವನ್ನು ಗೂಗಲ್ ಲೆನ್ಸ್‌ಗೋ ಟಿನ್‌ಐಗೋ ಹಾಕಿ ನೋಡಿ. ಬೇರೆ ಎಲ್ಲೆಲ್ಲಿ ಇದೆ ಎಂದು ತೋರಿಸುತ್ತವೆ. ಸಿಗಲಿಲ್ಲ ಎಂದ ಮಾತ್ರಕ್ಕೆ ಸ್ವಂತದ್ದೇ ಎಂದೂ ಅಲ್ಲ. ಪೂರ್ತಿ ಮದುವೆ ಕೇಳಿ ಎಂದದ್ದು ಇದಕ್ಕೂ ಸೇರಿಯೇ. ಒಂದು ಫೋಟೋ ಕದಿಯಬಹುದು, ಒಂದೇ ಮದುವೆಯ ಆರುನೂರು ಫೋಟೋ ಕದಿಯುವುದು ಸುಲಭ ಅಲ್ಲ.

ರಿವ್ಯೂ ಓದುವಾಗ ಐದು ಸ್ಟಾರ್ ಬಿಟ್ಟು ಮೂರು ಸ್ಟಾರ್ ಕೊಟ್ಟವರದ್ದು ಮೊದಲು ಓದಿ. ಕೋಪವೂ ಇಲ್ಲದೆ, ಮುಲಾಜೂ ಇಲ್ಲದೆ ಬರೆದಿರುತ್ತಾರೆ.

ಪ್ರಶ್ನೆ: ನನ್ನ ತಮ್ಮ "ಯಾವ ಕ್ಯಾಮೆರಾ ಅಂತ ಕೇಳು" ಅಂತ ಗಂಟುಬಿದ್ದಿದ್ದಾನೆ. ಕೇಳಿದರೂ ನನಗೇನು ಅರ್ಥ ಆಗುತ್ತೆ ಹೇಳಿ. ಕ್ಯಾಮೆರಾ ಅಷ್ಟು ಮುಖ್ಯಾನಾ?

ಉತ್ತರ: ಕಂಪನಿ, ಮಾಡೆಲ್ ಬಿಡಿ. ಈಗ ಬರುವ ಹೆಚ್ಚಿನ ಕ್ಯಾಮೆರಾಗಳು ಆಲ್ಬಮ್ಮಿಗೆ ಸಾಕು. 12 ಇಂಚು ಅಗಲ 18 ಇಂಚು ಉದ್ದದ ಹಾಳೆಯಲ್ಲಿ, ಇಂಚಿಗೆ 300 ಚುಕ್ಕಿಯಂತೆ ಒಳ್ಳೆ ಪ್ರಿಂಟ್ ಬರಬೇಕೆಂದರೆ ಹತ್ತಿರ ಹತ್ತಿರ 20 ಮೆಗಾಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದರೆ ಆರಾಮಾಗಿ ಆಯಿತು. 45, 60 ಎಂದು ಹೇಳಿಕೊಂಡು ರೇಟು ಏರಿಸಿದರೆ ನೀವೇನೂ ಬೆರಗಾಗಬೇಕಿಲ್ಲ.

ಲೆನ್ಸ್ ಬಗ್ಗೆ ಒಂದು ಮಾತು ಕೇಳಬಹುದು. ಕ್ಯಾಮೆರಾ ಜೊತೆಗೇ ಬರುವ ಸಾಮಾನ್ಯ ಜೂಮ್ ಲೆನ್ಸನ್ನು ಪೂರ್ತಿ ಎಳೆದರೆ ಹೆಚ್ಚಾಗಿ ಎಫ್ 5.6ಕ್ಕೆ ನಿಲ್ಲುತ್ತದೆ. ಎಫ್ ಎಂದರೆ ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೆ ಎನ್ನುವ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಎಫ್ 2.8 ಲೆನ್ಸ್ ಅದರ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕತ್ತಲೆ ಹಾಲ್‌ನಲ್ಲಿ ಈ ನಾಲ್ಕು ಪಟ್ಟು ಅನ್ನೋದು ತುಂಬಾ ದೊಡ್ಡದು.

ಆದರೆ ನಿಜವಾಗಿ ಕೇಳಬೇಕಾದ್ದು ಬೇರೆ. "ನಿಮ್ಮ ಕ್ಯಾಮೆರಾದಲ್ಲಿ ಕಾರ್ಡ್ ಸ್ಲಾಟ್ ಎಷ್ಟು? ಒಂದೇ ಫೋಟೋ ಎರಡೂ ಕಾರ್ಡಿಗೆ ಹೋಗುವ ಹಾಗೆ ಇಟ್ಟಿರುತ್ತೀರಾ?" ಇದನ್ನು ಕೇಳಿ. ಯಾಕೆ ಎಂದರೆ ನನಗೇ ಆಗಿದ್ದು ಹೇಳುತ್ತೇನೆ.

ಶುರುವಿನ ವರ್ಷಗಳು. ನನ್ನ ಹತ್ತಿರ ಒಂದೇ ಸ್ಲಾಟಿನ ಕ್ಯಾಮೆರಾ. ಮದುವೆ ಮುಗಿಯುತ್ತಾ ಬಂದಿತ್ತು. ಸ್ಕ್ರೀನ್ ಮೇಲೆ "ಕಾರ್ಡ್ ಓದಲಾಗುತ್ತಿಲ್ಲ" ಎಂದು ಬಂತು. ತೆಗೆದೆ, ಅಂಗಿಗೆ ಒರೆಸಿದೆ, ಮತ್ತೆ ಹಾಕಿದೆ. ಅದೇ. ಇನ್ನೊಂದು ಸಲ ಹಾಕಿದೆ. ಅದೇ. ಹಿಂದಿನ ನಲವತ್ತು ನಿಮಿಷ ಅದರೊಳಗಿತ್ತು. ಮದುಮಗಳ ತಾಯಿ ಅದೇ ಹೊತ್ತಿಗೆ ಬಂದು "ಚೆನ್ನಾಗಿ ಬಂದಿದೆಯಾ ಮಗಾ?" ಎಂದು ಕೇಳಿದರು. ನಾನು ಹೂಂ ಎಂದುಬಿಟ್ಟೆ. ಆ ಹೂಂ ಇವತ್ತಿಗೂ ಕಿವಿಯಲ್ಲಿದೆ. ಮಾರನೇ ದಿನ ಹೋಗಿ ನಿಜ ಹೇಳಿದೆ, ಹಣ ವಾಪಸ್ ಕೊಟ್ಟೆ. ನೆಂಟರ ಮೊಬೈಲುಗಳಿಂದ ಆ ನಲವತ್ತು ನಿಮಿಷದ ಫೋಟೋ ಒಂದೊಂದಾಗಿ ಕೇಳಿ ತಂದು ಜೋಡಿಸಿಕೊಟ್ಟೆ. ಬೈದರು. ಬೈಸಿಕೊಂಡೆ. ಮುಂದಿನ ಕ್ಯಾಮೆರಾ ಸಾಲ ಮಾಡಿ ತಂದದ್ದು ಎರಡು ಸ್ಲಾಟಿನದ್ದು.

ಈಗ ಮದುವೆ ಮುಗಿಸಿ ಮನೆಗೆ ಹೋದ ರಾತ್ರಿ, ಬಟ್ಟೆ ಬದಲಿಸುವ ಮೊದಲೇ ಎರಡು ಹಾರ್ಡ್ ಡಿಸ್ಕಿಗೆ ಕಾಪಿ ಹಾಕುತ್ತೇನೆ. ಮೂರನೇ ಕಾಪಿ ಮನೆಯಿಂದ ಹೊರಗೆ ಇರುತ್ತದೆ, ಕ್ಲೌಡಿನಲ್ಲೋ ಅಣ್ಣನ ಮನೆಯಲ್ಲೋ. ಮೂರೂ ಆಗುವವರೆಗೆ ಕಾರ್ಡ್ ಅಳಿಸುವುದಿಲ್ಲ. ನೀವು ಆರಿಸಿಕೊಳ್ಳುವವರ ಪದ್ಧತಿ ಇದೇ ಆಗಿರಬೇಕಿಲ್ಲ. ಏನೋ ಒಂದು ಪದ್ಧತಿ ಇರಬೇಕು, ಕೇಳಿದ ತಕ್ಷಣ ಬಾಯಿಗೆ ಬರಬೇಕು. ಯೋಚಿಸಿ ಹೇಳಿದರೆ ಇಲ್ಲ ಎಂದೇ ತಿಳಿಯಿರಿ.

ಎರಡು ಕ್ಯಾಮೆರಾ ತರುತ್ತಾರಾ ಅಂತಲೂ ಕೇಳಿ. ಇಬ್ಬರು ಫೋಟೋಗ್ರಾಫರ್ ಬರುವುದಾದರೆ ಬೆಳಿಗ್ಗೆ ಇಬ್ಬರ ಕ್ಯಾಮೆರಾದ ಗಡಿಯಾರ ಒಂದೇ ಟೈಮಿಗೆ ಇಟ್ಟುಕೊಳ್ಳುತ್ತಾರಾ ಎಂದು ಸುಮ್ನೆ ಒಂದು ಮಾತು ಹಾಕಿ ನೋಡಿ. ಇಡದಿದ್ದರೆ ಫೋಟೋಗಳು ಹಿಂದುಮುಂದಾಗಿ, ಸೊಸೆ ಮನೆಗೆ ಹೋದ ಮೇಲೆ ಮದುವೆ ಆದ ಹಾಗೆ ಕಾಣುತ್ತದೆ. ಈ ಪ್ರಶ್ನೆಗೆ ನಕ್ಕರೆ ಅವರಿಗೂ ಒಮ್ಮೆ ಆಗಿದೆ ಅಂತ ಲೆಕ್ಕ.

ಪ್ರಶ್ನೆ: ನಮ್ಮ ಫೋಟೋಗ್ರಾಫರ್ ಪರಿಚಯದವರ ಮಗ. ಬರೆಸಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಪತ್ರ ಮುಂದಿಡೋಕೆ ಮುಜುಗರ. ಏನು ಮಾಡೋದು?

ಉತ್ತರ: ಅಮ್ಮಾ, ಪರಿಚಯದವರು ಎಂದರೆ ಇನ್ನೂ ಮುಖ್ಯವಾಗಿ ಬರೆಸಿಕೊಳ್ಳಿ. ಗುರುತಿಲ್ಲದವರ ಜೊತೆ ಜಗಳ ಆಡಿ ಮರೆಯಬಹುದು. ಪರಿಚಯದವರ ಜೊತೆ ಆದರೆ ಎರಡು ಮನೆಯ ಮಾತು ನಿಲ್ಲುತ್ತದೆ. ಪತ್ರ ಮುಂದಿಡುವುದು ಕಷ್ಟವಾದರೆ ವಾಟ್ಸಾಪಿನಲ್ಲಿ ಹೀಗೆ ಹಾಕಿ: "ಮಗು, ನನಗೆ ಮರೆವು ಜಾಸ್ತಿ. ನಾವು ಮಾತಾಡಿದ್ದು ಇಷ್ಟು ಅಲ್ವಾ, ಒಮ್ಮೆ ನೋಡಿ ಸರಿ ಅಂತ ಹೇಳು." ಕೆಳಗೆ ಎಲ್ಲ ಬರೆಯಿರಿ. ಅವನು "ಸರಿ ಆಂಟಿ" ಎಂದರೆ ಅದೂ ಬರೆದುಕೊಟ್ಟ ಹಾಗೇ ಉಳಿಯುತ್ತದೆ.

ಏನು ಬರೆಯಬೇಕು? ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾರು ಬರುತ್ತಾರೆ, ಸುಮಾರು ಎಷ್ಟು ಫೋಟೋ, ಆಲ್ಬಮ್ಮಿನಲ್ಲಿ ಎಷ್ಟು ಹಾಳೆ. ಇವನ್ನು ಎಲ್ಲರೂ ಬರೆಯುತ್ತಾರೆ. ಮರೆಯುವುದು ಉಳಿದ ಮೂರು. ಒಂದು, ಹೊತ್ತು ಮೀರಿದರೆ ಗಂಟೆಗೆ ಎಷ್ಟು ಜಾಸ್ತಿ. ಇನ್ನೊಂದು, ಅವರಿಗೆ ಹುಷಾರಿಲ್ಲದಿದ್ದರೆ ಬದಲಿಗೆ ಯಾರು ಬರುತ್ತಾರೆ, ಮದುವೆಯೇ ಮುಂದಕ್ಕೆ ಹೋದರೆ ಅಡ್ವಾನ್ಸ್ ಏನಾಗುತ್ತದೆ. ಮತ್ತೆ ಫೋಟೋ ಯಾವತ್ತು ಕೈಗೆ ಬರುತ್ತದೆ. "ಬೇಗ ಕೊಡ್ತೀನಿ" ಅಲ್ಲ, ಇಷ್ಟು ವಾರ ಎಂದು.

ಹಣ ಮೂರು ಭಾಗ ಮಾಡಿ. ಬುಕ್ ಮಾಡುವಾಗ ಸ್ವಲ್ಪ, ಮದುವೆ ದಿನ ಹೆಚ್ಚಿನದು, ಫೋಟೋ ಮತ್ತು ಆಲ್ಬಮ್ ಕೈಗೆ ಬಂದ ಮೇಲೆ ಉಳಿದದ್ದು. ಪೂರ್ತಿ ಮೊದಲೇ ಕೊಡಬೇಡಿ. ಹಾಗೆಯೇ ಕೊನೆಯ ಕಂತನ್ನು ತೀರಾ ದೊಡ್ಡದು ಮಾಡಿ ಅವರನ್ನೂ ಒದ್ದಾಡಿಸಬೇಡಿ. ಆಲ್ಬಮ್ ಪ್ರಿಂಟ್ ಹಾಕಿಸಲು ಅವರು ಮೊದಲು ಕೈಯಿಂದ ಹಾಕಬೇಕಾಗುತ್ತದೆ.

ಪ್ರಶ್ನೆ: ಸರ್, ನಮ್ಮದು ಆಗಲೇ ಆಗಿಹೋದ ಕತೆ. ಮದುವೆಯಾಗಿ ಏಳು ತಿಂಗಳು. ಹಣ ಪೂರ್ತಿ ಕೊಟ್ಟಿದ್ದೇವೆ. ಮೊದಲು "ಮುಂದಿನ ವಾರ" ಅನ್ನುತ್ತಿದ್ದರು, ಈಗ ಫೋನೇ ಎತ್ತುತ್ತಿಲ್ಲ. ಒಂದು ಫೋಟೋನೂ ಕೈಗೆ ಬಂದಿಲ್ಲ.

ಉತ್ತರ: ಮೊದಲು ಆಲ್ಬಮ್ ಮಾತು ಬಿಡಿ. ಫೋಟೋ ಉಳಿದಿದೆಯಾ ಅನ್ನೋದು ಗೊತ್ತಾಗಬೇಕು. "ಎಡಿಟ್ ಆಗದಿದ್ದರೂ ಪರವಾಗಿಲ್ಲ, ತೆಗೆದ ಅಷ್ಟೂ ಫೋಟೋ ಹಾರ್ಡ್ ಡಿಸ್ಕಿಗೆ ಹಾಕಿಕೊಡಿ, ಡಿಸ್ಕ್ ನಾನೇ ತರುತ್ತೇನೆ" ಎಂದು ಮೆಸೇಜ್ ಹಾಕಿ. ಫೋನಿನಲ್ಲಿ ಬೇಡ, ಬರಹದಲ್ಲೇ ಇರಲಿ. ತಾರೀಖು ಹೇಳಿ. ನನ್ನ ಅನುಭವದಲ್ಲಿ ಫೋನ್ ಎತ್ತದವರಲ್ಲಿ ಎರಡು ಜಾತಿ. ಕೆಲಸ ಮೈಮೇಲೆ ಬಿದ್ದು ಎಡಿಟ್ ಮಾಡಲಾಗದೆ ನಾಚಿಕೆಯಿಂದ ತಪ್ಪಿಸಿಕೊಳ್ಳುವವರು ಒಂದು. ಅವರು ಈ ಮಾತು ಕೇಳಿ ಉಸಿರು ಬಿಟ್ಟು ಕೊಟ್ಟುಬಿಡುತ್ತಾರೆ. ಇನ್ನೊಂದು, ಫೋಟೋ ಕಳೆದುಕೊಂಡವರು. ಅವರ ಉತ್ತರ ಮತ್ತೂ ಸುತ್ತಿ ಬಳಸಿ ಬರುತ್ತದೆ.

ತಾರೀಖು ದಾಟಿದರೆ ಕೊಟ್ಟ ಹಣದ ದಾಖಲೆ, ಮಾತಾಡಿದ ಮೆಸೇಜು ಎಲ್ಲ ಒಟ್ಟು ಮಾಡಿ ಗ್ರಾಹಕರ ದೂರು ಕೇಳುವ ಕಡೆಗೆ ಹೋಗಿ. ಅದಕ್ಕೂ ಮೊದಲು ಆನ್‌ಲೈನ್‌ನಲ್ಲಿ ಹೆಸರು ಹಾಕಿ ಬೈಯಬೇಡಿ. ಬೈದಾದ ಮೇಲೆ ಫೋಟೋ ಕೊಡುವ ಮನಸ್ಸೂ ಹೋಗುತ್ತದೆ.

ಪ್ರಶ್ನೆ: ರಾ ಫೈಲ್ ಕೊಡಿ ಅಂದರೆ ನಮ್ಮವರು ಕೊಡಲ್ಲ ಅಂತಾರೆ. ನಮ್ಮ ಫೋಟೋ ನಮಗೆ ಕೊಡೋಕೆ ಏನು ಕಷ್ಟ?

ಉತ್ತರ: ಇದರಲ್ಲಿ ನಾನು ನಮ್ಮವರ ಪರ, ಸ್ವಲ್ಪ. ರಾ ಎಂದರೆ ಹಿಟ್ಟು, ರೊಟ್ಟಿಯಲ್ಲ. ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ತುಂಬಿಟ್ಟ ಫೈಲ್ ಅದು. ಜೆಪೆಗ್‌ನಲ್ಲಿ, ಅಂದರೆ ಎಲ್ಲ ಕಡೆ ತೆರೆಯುವ ಮಾಮೂಲಿ ಫೋಟೋ ಫೈಲಿನಲ್ಲಿ, ಒಂದೊಂದು ಬಣ್ಣಕ್ಕೆ 256 ಹಂತ. 14 ಬಿಟ್‌ನ ರಾ ಫೈಲಿನಲ್ಲಿ 16,384. ಅದಕ್ಕೇ ಕತ್ತಲೆಯಾದ ಮುಖವನ್ನು ರಾ ಇದ್ದರೆ ಎತ್ತಬಹುದು, ಜೆಪೆಗ್ ಎತ್ತಿದರೆ ಕಲೆ ಕಲೆಯಾಗುತ್ತದೆ. ಆದರೆ ಮೊಬೈಲಿನಲ್ಲಿ ರಾ ತೆರೆದರೆ ಸಪ್ಪೆ ಕಾಣಬಹುದು, ಕೆಲವು ಕಡೆ ತೆರೆಯುವುದೇ ಇಲ್ಲ. ಯಾರಾದರೂ ಅದನ್ನೇ ಎಲ್ಲರಿಗೂ ಕಳಿಸಿ "ಇಷ್ಟೇನಾ ಇವನ ಕೆಲಸ" ಎಂದರೆ ಎನ್ನುವ ಭಯ. ನಿಮಗೆ ಬೇಕಾದ್ದು ಪೂರ್ತಿ ಸೈಜಿನ ಜೆಪೆಗ್. ಅದನ್ನು ಬಿಡಬೇಡಿ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಬಂದ ಫೋಟೋ ಕುಗ್ಗಿರುತ್ತದೆ, ಅದನ್ನು ಅಸಲು ಎಂದು ತೆಗೆದುಕೊಳ್ಳಬೇಡಿ.

ಹಕ್ಕಿನ ಮಾತು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಕ್ಲಿಕ್ಕಿಸಿದವರದ್ದೇ ಹಕ್ಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿಕೊಂಡವರದ್ದು. ಎಲ್ಲೇ ಇರಲಿ, "ನಮ್ಮ ಫೋಟೋ ನಿಮ್ಮ ಪೇಜಿನಲ್ಲಿ ಹಾಕುವ ಮೊದಲು ಕೇಳಿ, ಮಕ್ಕಳದ್ದು ಹಾಕಲೇಬೇಡಿ" ಎಂದು ಆ ವಾಟ್ಸಾಪ್ ಮೆಸೇಜಿನಲ್ಲೇ ಸೇರಿಸಿ.

ಪ್ರಶ್ನೆ: ನಾನೂ ಹೊಸದಾಗಿ ಈ ಕೆಲಸಕ್ಕೆ ಇಳಿದವನು ಸರ್. ಎಲ್ಲರಿಗೂ ನಮ್ಮನ್ನು ಪರೀಕ್ಷೆ ಮಾಡೋದು ಹೇಳಿಕೊಡ್ತಿದ್ದೀರಿ. ಆಲ್ಬಮ್‌ಗೆ ಫೋಟೋ ಆರಿಸಿ ಕೊಡಿ ಅಂತ ಐದು ತಿಂಗಳಿಂದ ಒಂದು ಮನೆಯ ಹಿಂದೆ ಓಡಾಡ್ತಿದ್ದೀನಿ. ಕೊನೆಗೆ ಕೆಟ್ಟ ಹೆಸರು ನನಗೇ.

ಉತ್ತರ: ತಮ್ಮಾ, ನಿಜ. ಎಷ್ಟೋ ಆಲ್ಬಮ್ ತಡವಾಗುವುದು ನಮ್ಮಿಂದಲ್ಲ, ಮನೆಯವರು ಕೂತು ಆರಿಸದೆ ಇರುವುದರಿಂದ. ಆರುನೂರರಲ್ಲಿ ನೂರಿಪ್ಪತ್ತು ಆರಿಸಿ ಎಂದರೆ ಗಂಡಿನ ಕಡೆ, ಹೆಣ್ಣಿನ ಕಡೆ ಇಬ್ಬರಿಗೂ ತಲೆನೋವು. ನಾನು ಈಗ ಒಪ್ಪಂದದಲ್ಲೇ ಬರೆಯುತ್ತೇನೆ: ಮೂವತ್ತು ದಿನದೊಳಗೆ ಆರಿಸಿ ಕೊಡದಿದ್ದರೆ ನಾನೇ ಆರಿಸಿ ಪ್ರಿಂಟಿಗೆ ಕಳಿಸುತ್ತೇನೆ. ಬರೆದ ಮೇಲೆ ಇಪ್ಪತ್ತೊಂಬತ್ತನೇ ದಿನ ರಾತ್ರಿ ಬರುತ್ತದೆ, ಆದರೆ ಬರುತ್ತದೆ.

ಇನ್ನೊಂದು, ನೀನು ಹೊಸಬ ಅನ್ನೋದನ್ನು ಮುಚ್ಚಿಡಬೇಡ. ಹೊಸಬರನ್ನು ನಂಬಬಾರದು ಎಂದು ನಾನು ಎಲ್ಲೂ ಹೇಳಿಲ್ಲ. ಎರಡನೇ ಕ್ಯಾಮೆರಾ ಇಲ್ಲ, ಬಾಡಿಗೆಗೆ ತರುತ್ತೇನೆ ಎಂದು ನೇರವಾಗಿ ಹೇಳು. ನಾನಾಗಿದ್ದರೆ ನಿನಗೇ ಕೆಲಸ ಕೊಡುತ್ತಿದ್ದೆ.

ಪ್ರಶ್ನೆ: ಅರ್ಜೆಂಟ್! ಅಕ್ಕನ ಮದುವೆ ನಿನ್ನೆ ಆಯಿತು. ನನ್ನ ಕ್ಯಾಮೆರಾದಲ್ಲೂ ತೆಗೆದಿದ್ದೆ. ಈಗ ತಪ್ಪಿ ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟೆ. ಎಲ್ಲಾ ಹೋಯ್ತಾ?

ಉತ್ತರ: ಕಾರ್ಡ್ ಹೊರಗೆ ತೆಗಿ. ಅದರಲ್ಲಿ ಇನ್ನೊಂದು ಕ್ಲಿಕ್ ಕೂಡ ಬೇಡ. ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡಿದಾಗ ಅಳಿಯುವುದು ಫೋಟೋ ಎಲ್ಲಿದೆ ಎನ್ನುವ ಪಟ್ಟಿ ಮಾತ್ರ. ಫೋಟೋ ಒಳಗೇ ಇರುತ್ತದೆ, ಅದರ ಮೇಲೆ ಹೊಸದು ಬಂದು ಕೂರುವವರೆಗೆ. ಕಂಪ್ಯೂಟರಿಗೆ ಫೋಟೋರೆಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೋ. ಸಿಕ್ಕಿದ ಫೋಟೋಗಳನ್ನು ಕಂಪ್ಯೂಟರಿನಲ್ಲೇ ಉಳಿಸು, ಅದೇ ಕಾರ್ಡಿಗೆ ಅಲ್ಲ. ಕಪ್ಪು ಪರದೆ ನೋಡಿ ಹೆದರಬೇಡ, ನೋಡೋಕೆ ಹಾಗೇ ಇರುತ್ತದೆ.

(ಎರಡು ಗಂಟೆ ಬಿಟ್ಟು ಅದೇ ಸದಸ್ಯ): ಸರ್, 312ರಲ್ಲಿ 298 ಬಂತು! ಹೆಸರೆಲ್ಲ ಏನೇನೋ ಆಗಿದೆ, ಆದರೆ ಬಂತು. ಅಕ್ಕನಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ಪ್ರಶ್ನೆ (ಮೊದಲು ಕೇಳಿದ ಅಕ್ಕ, ಒಂಬತ್ತು ದಿನದ ನಂತರ): ಸರ್, ಮೂವರನ್ನೂ ಭೇಟಿ ಮಾಡಿದೆವು. ನೀವು ಹೇಳಿದ ಪ್ರಶ್ನೆ ಮೂವರಿಗೂ ಕೇಳಿದೆ. ಫಾಲೋವರ್ಸ್ ಇರುವವರು "ನಮ್ಮಲ್ಲಿ ಹಾಗೆಲ್ಲ ಆಗೋದೇ ಇಲ್ಲ" ಅಂದರು. ತಕ್ಷಣ ಉತ್ತರ ಕೊಡುತ್ತಿದ್ದವರು ಅವತ್ತಿನಿಂದ ಉತ್ತರ ಕೊಟ್ಟಿಲ್ಲ. ಕಡಿಮೆ ರೇಟಿನವರು, ಒಬ್ಬ ಹುಡುಗಿ, ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಹೇಳಿದಳು. ಒಂದು ಮದುವೆಯಲ್ಲಿ ಮದುಮಗಳ ಅಜ್ಜನ ಒಂದು ಫೋಟೋನೂ ತೆಗೆಯಲು ನೆನಪಾಗಲಿಲ್ಲವಂತೆ. ಯಾರೂ ಹೇಳಿರಲಿಲ್ಲ, ಇವಳಿಗೂ ಗೊತ್ತಿರಲಿಲ್ಲ. ಎರಡು ತಿಂಗಳಿಗೆ ಅಜ್ಜ ತೀರಿಕೊಂಡರಂತೆ. ಅದಾದ ಮೇಲೆ ಪ್ರತಿ ಮನೆಯಿಂದಲೂ ಹಿರಿಯರ ಪಟ್ಟಿ ಕೇಳುತ್ತಾಳೆ. ನಮ್ಮ ಮನೆಯದ್ದೂ ಬರೆದುಕೊಂಡು ಹೋಗಿದ್ದಾಳೆ. ಅವಳಿಗೇ ಅಡ್ವಾನ್ಸ್ ಕೊಟ್ಟೆವು. ಕಾರ್ಡ್ ಸ್ಲಾಟ್ ಎರಡಿದೆ, ಅದನ್ನೂ ಕೇಳಿದೆ.

ಉತ್ತರ: ಸರಿಯಾಗಿ ಆರಿಸಿದ್ದೀರಿ ಮೇಡಂ. ಆ ಪಟ್ಟಿಯ ಜೊತೆ ಇನ್ನೊಂದು ಕೆಲಸ ಮಾಡಿ. ಎರಡೂ ಕಡೆಯವರ ಮುಖ ಗೊತ್ತಿರುವ, ಗಟ್ಟಿ ಗಂಟಲಿನ ಒಬ್ಬರನ್ನು ಅವಳ ಪಕ್ಕ ನಿಲ್ಲಿಸಿ. ಗುಂಪು ಫೋಟೋ ಹೊತ್ತಿಗೆ ಹೆಸರು ಕೂಗಿ ಕರೆಯಲು. ಮಾತು ಬಿಟ್ಟಿರುವ ನೆಂಟರು ಯಾರಾದರೂ ಇದ್ದರೆ ಅದನ್ನೂ ಮೊದಲೇ ಅವಳ ಕಿವಿಗೆ ಹಾಕಿ, ಇಬ್ಬರನ್ನೂ ಒಂದೇ ಫ್ರೇಮಿಗೆ ಎಳೆಯುವುದು ತಪ್ಪುತ್ತದೆ.